ಗಾಡಿ ನಿಂತಾಗ



ಇವತ್ತು ರೈಲಿನ ಬಗ್ಗೆ ಮಾತಾಡೋಣ. ರೈಲು ಹೇಗೆ ಓಡ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಅದು ತಿಂಗಳುಗಟ್ಟಲೆ ನಿಂತರೆ ದುಡಿಯೋ ಜನ ಏನು ಮಾಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ನಿಮ್ಮಲ್ಲಿ ಇಚಲಕರಂಜಿಯವರು ಇದ್ದೀರಿ. ದಿನಾ ಕೊಲ್ಹಾಪುರಕ್ಕೆ ಹೋಗಿ ಬರೋರು ಇದ್ದೀರಿ. ಗಡಹಿಂಗ್ಲಜದ ಕಡೆಯವರೂ ಇದ್ದೀರಿ. "ನಮ್ಮೂರಿಗೆ ರೈಲೇ ಇಲ್ಲ, ನಮಗ್ಯಾಕ್ರೀ ಈ ಮಾತು?" ಅಂತ ಗಡಹಿಂಗ್ಲಜದವರು ಕೇಳಬಹುದು. ಸ್ವಲ್ಪ ತಡೀರಿ, ನಿಮ್ಮ ಕಡೆಗೂ ಬರ್ತೀನಿ.

ಕೊಲ್ಹಾಪುರದಿಂದ ಮಿರಜಿಗೆ ಸುಮಾರು 47 ಕಿಲೋಮೀಟರ್ ಹಳಿ ಇದೆ. 1891ರಲ್ಲಿ ಕೊಲ್ಹಾಪುರ ಸಂಸ್ಥಾನದ ಕಾಲದಲ್ಲಿ ಈ ದಾರಿ ಶುರುವಾಯಿತು. ಆಗ ಅದು ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. 1971ರಲ್ಲಿ ಅಗಲ ಹಳಿ ಬಂತು. ನಡುವೆ ಸಣ್ಣ ಸಣ್ಣ ನಿಲ್ದಾಣಗಳಿವೆ. ಬೆಲ್ಲದ ಪೇಟೆಯ ಹೆಸರು ಹೊತ್ತ ಒಂದು ನಿಲ್ದಾಣ, ಆಮೇಲೆ ವಳಿವಡೆ, ರುಕಡಿ, ಹಾತಕಣಂಗಲೆ, ಜೈಸಿಂಗಪುರ. ಜೈಸಿಂಗಪುರ ಶಾಹು ಮಹಾರಾಜರು ತಮ್ಮ ತಂದೆಯ ಹೆಸರಲ್ಲಿ ಕಟ್ಟಿಸಿದ ಪೇಟೆ. ವಳಿವಡೆಯದು ಇನ್ನೊಂದು ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೆಂಡ್ ದೇಶದಿಂದ ನೆಲೆ ತಪ್ಪಿ ಬಂದ ಸಾವಿರಾರು ಜನ ಅಲ್ಲಿ ಐದಾರು ವರ್ಷ ಇದ್ದರು. ಎಲ್ಲಿಯ ಪೋಲೆಂಡ್, ಎಲ್ಲಿಯ ವಳಿವಡೆ ನೋಡ್ರಿ!

ಇಚಲಕರಂಜಿ ದೊಡ್ಡ ಊರು. 1904ರಲ್ಲೇ ಅಲ್ಲಿ ಯಂತ್ರದ ಮಗ್ಗ ಬಂತು. 2022ರಲ್ಲಿ ಮಹಾನಗರಪಾಲಿಕೆ ಆಯಿತು. ಆದರೆ ಊರೊಳಗೆ ರೈಲು ನಿಲ್ದಾಣ ಇಲ್ಲ. ರೈಲು ಬೇಕಂದರೆ ಹಾತಕಣಂಗಲೆಗೆ ಹೋಗಬೇಕು. ಅಲ್ಲಿಗೆ ಬಸ್ಸೋ, ಸೈಕಲ್ಲೋ, ವಡಾಪೋ ಹಿಡೀಬೇಕು. ಅಂದರೆ ಇಚಲಕರಂಜಿಯವರಿಗೆ ಒಂದು ಪ್ರಯಾಣದಲ್ಲಿ ಎರಡು ಪ್ರಯಾಣ ಸೇರಿವೆ. ಅದರಲ್ಲಿ ಯಾವುದು ತಪ್ಪಿದರೂ ಆ ದಿನದ ಪಾಳಿ ಹೋಯಿತು.

ಈಗ ಗಾಡಿ ಯಾಕೆ ನಿಲ್ತದೆ ಅನ್ನೋದಕ್ಕೆ ಬರೋಣ.

ಮೊದಲನೆಯದು ಹೊಳೆ. ರುಕಡಿ ಹತ್ತಿರ ಪಂಚಗಂಗಾ ಹೊಳೆಗೆ ರೈಲಿನ ಸೇತುವೆ ಇದೆ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ನೀರಿನ ಎತ್ತರ ಅಳೀತಾರೆ. ಅಲ್ಲಿ 39 ಅಡಿ ಬಂದರೆ ಎಚ್ಚರಿಕೆ, 43 ಅಡಿ ಬಂದರೆ ಅಪಾಯ. 2019ರ ಆಗಸ್ಟ್‌ನಲ್ಲಿ ನೀರು 55 ಅಡಿ ದಾಟಿತು. 2021ರ ಜುಲೈನಲ್ಲಿ ಮತ್ತೆ ಅಂಥದೇ ಮಹಾಪೂರ. ಎರಡು ಸಲವೂ ರೈಲು ನಿಂತಿತು. 2019ರಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಕೂಡ ಶಿರೋಳಿ ಹತ್ತಿರ ಸುಮಾರು ಒಂದು ವಾರ ನೀರಿನಡಿ ಇತ್ತು. ಹಾಲಿನ ಗಾಡಿ, ತರಕಾರಿ ಗಾಡಿ, ಪೆಟ್ರೋಲಿನ ಟ್ಯಾಂಕರ್, ಎಲ್ಲಾ ಸಾಲಾಗಿ ನಿಂತವು.

"ಸೇತುವೆ ಮುಳುಗಿಲ್ಲ, ಆದರೂ ರೈಲು ಯಾಕೆ ಬಿಡೋದಿಲ್ಲ?" ಅಂತ ಜನ ಸಿಟ್ಟು ಮಾಡ್ತಾರೆ. ಕಾರಣ ಕೇಳಿ. ಸೇತುವೆಯ ಕಂಬದ ಮೇಲೆ ಅಪಾಯದ ಗುರುತು ಬರೆದಿರ್ತದೆ. ನೀರು ಆ ಗುರುತಿಗೆ ಬಂದರೆ ಗಾಡಿ ನಿಲ್ಲಿಸಲೇಬೇಕು. ನೀರಿನ ಸೆಳೆತಕ್ಕೆ ಕಂಬದ ಬುಡದ ಮಣ್ಣು ಕೊಚ್ಚಿ ಹೋಗಬಹುದು. ಹಳಿಯ ಕೆಳಗಿನ ಜಲ್ಲಿ ಜಾರಬಹುದು. ಮೇಲಿನಿಂದ ನೋಡಿದರೆ ಇದು ಕಾಣೋದಿಲ್ಲ. ನೀರು ಇಳಿದ ಮೇಲೆ ಕೆಲಸಗಾರರು ಹಳಿಯುದ್ದಕ್ಕೂ ನಡೆದು ನೋಡ್ತಾರೆ. ಆಮೇಲೆ ಬರೀ ಇಂಜಿನ್ ಬಿಟ್ಟು ನೋಡ್ತಾರೆ. ಅದು ದಾಟಿದ ಮೇಲೆ ಜನರ ಗಾಡಿ, ಅದೂ ಆಮೆಯ ನಡಿಗೆಯಲ್ಲಿ. ಈ ತಡ ಒಳ್ಳೇದಕ್ಕೇ ಆಗ್ತದೆ. ಈ ಸಿಟ್ಟು ಮಾತ್ರ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಎರಡನೆಯದು ಹಳಿ ಕೆಲಸ. ಪುಣೆಯಿಂದ ಮಿರಜಿನವರೆಗೆ ಎರಡನೇ ಹಳಿ ಹಾಕುವ ಕೆಲಸ ವರ್ಷಗಟ್ಟಲೆ ನಡೀತು. ಹೊಸ ಹಳಿಯನ್ನು ಹಳೇ ಹಳಿಗೆ ಜೋಡಿಸುವಾಗ ಕೆಲವು ದಿನ ಗಾಡಿ ಬಿಡೋಕೆ ಆಗೋದಿಲ್ಲ. ಇದಕ್ಕೆ 'ಬ್ಲಾಕ್' ಅಂತಾರೆ. ಇದು ಮುಂಚೆಯೇ ಗೊತ್ತಾಗುವ ಮಾತು. ನಿಲ್ದಾಣದಲ್ಲಿ ಚೀಟಿ ಅಂಟಿಸ್ತಾರೆ, ಪೇಪರಿನಲ್ಲಿ ಹಾಕ್ತಾರೆ. ಓದಿದವರಿಗೆ ತಿಳೀತದೆ, ಓದದವರು ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ಬಂದು ವಾಪಸ್ ಹೋಗ್ತಾರೆ.

ಮೂರನೆಯದು ನಮಗೆಲ್ಲ ನೆನಪಿದೆ. ಕೊರೋನಾ. 2020ರ ಮಾರ್ಚ್ 22ರ ನಡುರಾತ್ರಿಯಿಂದ ದೇಶದ ಎಲ್ಲ ಪ್ರಯಾಣಿಕರ ರೈಲು ನಿಂತವು. ಅಷ್ಟು ದೊಡ್ಡ ದೇಶದಲ್ಲಿ ಒಂದೂ ಗಾಡಿ ಇಲ್ಲ! ಮೇ 1ರಿಂದ ಕೂಲಿಕಾರರನ್ನು ಊರಿಗೆ ಮುಟ್ಟಿಸುವ ಶ್ರಮಿಕ ರೈಲು ಬಂದವು. ಜೂನ್ 1ರಿಂದ ದೂರದ ಕೆಲವು ಗಾಡಿ 'ವಿಶೇಷ' ಅನ್ನುವ ಹೆಸರಲ್ಲಿ ಹೊರಟವು. ಮುಂಗಡ ಸೀಟು ಮಾಡಿಸಿದವರಿಗಷ್ಟೇ ಅದರಲ್ಲಿ ಜಾಗ. ತಿಂಗಳ ಪಾಸು ನಡೆಯಲಿಲ್ಲ. ಕೊಲ್ಹಾಪುರ-ಮಿರಜದಂಥ ಸಣ್ಣ ದಾರಿಯ ಪ್ಯಾಸೆಂಜರ್ ಗಾಡಿಗಳಿಗೆ ಜನ ಬಹಳ ಕಾಲ ಕಾಯಬೇಕಾಯಿತು.

ಗಾಡಿ ಬಂದ ಮೇಲೂ ದರ ಮೊದಲಿನಂತೆ ಇರಲಿಲ್ಲ. ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ ದರ ಹಾಕಿದರು. ಮೊದಲು ಹತ್ತಿರದ ಊರಿಗೆ ಕನಿಷ್ಠ ಟಿಕೀಟು 10 ರೂಪಾಯಿ ಇತ್ತು. ಅದು 30 ರೂಪಾಯಿ ಆಯಿತು. 2024ರ ಫೆಬ್ರವರಿ ಕೊನೆಗೆ ಮತ್ತೆ 10ಕ್ಕೆ ಇಳಿಸಿದರು.

ಇಲ್ಲಿ ನಾವು ಲೆಕ್ಕ ಹಾಕೋಣ. ಪಾಟಿ ತಗೊಳ್ರಿ. ತಿಂಗಳಿಗೆ 26 ದಿನ ಕೆಲಸ ಅಂತ ಇಟ್ಟುಕೊಳ್ಳಿ. ಹೋಗಲು 10, ಬರಲು 10, ದಿನಕ್ಕೆ 20. ಇಪ್ಪತ್ತಾರು ದಿನಕ್ಕೆ 520 ರೂಪಾಯಿ. ದರ ಏರಿದಾಗ ಹೋಗಲು 30, ಬರಲು 30, ದಿನಕ್ಕೆ 60. ಇಪ್ಪತ್ತಾರು ದಿನಕ್ಕೆ 1560 ರೂಪಾಯಿ. ಹೆಚ್ಚಾದದ್ದು 1040 ರೂಪಾಯಿ. ನಿಮ್ಮ ಒಂದು ದಿನದ ಕೂಲಿಯಿಂದ ಇದನ್ನು ಭಾಗಿಸಿ. ಎಷ್ಟು ದಿನ ಬರೀ ರೈಲಿಗಾಗಿ ದುಡಿದಂಗಾಯ್ತು? ಪಾಸು ಇದ್ದವರಿಗೆ ಮೊದಲು 520 ಕೂಡ ಬೇಕಿರಲಿಲ್ಲ. ಅವರಿಗೆ ಬಿದ್ದ ಹೊಡೆತ ಇನ್ನೂ ದೊಡ್ಡದು.

ಇಷ್ಟರಲ್ಲಿ ಇನ್ನೊಂದು ಬಂತು. 2021ರ ಅಕ್ಟೋಬರ್ ಕೊನೆಗೆ ಮಹಾರಾಷ್ಟ್ರದ ಎಸ್ಟಿ ಬಸ್ಸಿನ ನೌಕರರು ಮುಷ್ಕರ ಶುರು ಮಾಡಿದರು. ನಮ್ಮನ್ನು ಸರ್ಕಾರಿ ನೌಕರರಂತೆ ನೋಡಿ ಅನ್ನೋದು ಅವರ ಬೇಡಿಕೆ. ಅವರ ಪಗಾರವೂ ಕಡಿಮೆಯೇ, ಕಷ್ಟವೂ ಖರೆ. ಏಪ್ರಿಲ್ 22ರೊಳಗೆ ಕೆಲಸಕ್ಕೆ ಬನ್ನಿ ಅಂತ 2022ರಲ್ಲಿ ಹೈಕೋರ್ಟು ಹೇಳಿತು. ಸುಮಾರು ಆರು ತಿಂಗಳು ಹಳ್ಳಿ ದಾರಿಯಲ್ಲಿ ಕೆಂಪು ಬಸ್ಸು ಕಾಣೋದೇ ಅಪರೂಪ ಆಯಿತು.

ಗಡಹಿಂಗ್ಲಜದವರೇ, ಇದು ನಿಮ್ಮ ಮಾತು. ರೈಲು ಇದ್ದ ಊರಿನವರಿಗೆ ಒಂದು ನಿಂತರೆ ಇನ್ನೊಂದು ಇರ್ತದೆ. ನಿಮಗೆ ಬಸ್ಸೇ ರೈಲು. ಅದೂ ಗಡಿಯ ಮೇಲಿನ ಬಸ್ಸು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಹೋಗುವ ಹಲವು ಬಸ್ಸು ನಿಪ್ಪಾಣಿ ಮೇಲೆ ಹೋಗ್ತವೆ. ಮಹಾರಾಷ್ಟ್ರದಲ್ಲಿ ಹತ್ತಿ, ಕರ್ನಾಟಕ ಹೊಕ್ಕು, ಮತ್ತೆ ಮಹಾರಾಷ್ಟ್ರದಲ್ಲಿ ಇಳೀಬೇಕು. 2021ರಲ್ಲಿ ಕೊಗನೊಳಿ ನಾಕಾದಲ್ಲಿ ಕೊರೋನಾ ತಪಾಸಣೆಯ ಕಾಗದ ಕೇಳಿದರು. 2022ರ ಕೊನೆಗೆ ಗಡಿ ಗಲಾಟೆ ಎದ್ದಾಗ ಎರಡೂ ರಾಜ್ಯದವರು ಬಸ್ಸು ನಿಲ್ಲಿಸಿದರು. ಸಂಕೇಶ್ವರದ ಸಂತೆಗೆ ಹೋಗೋ ಮುದುಕಿಗೆ ಗಡಿ ಅಂದರೆ ಏನು? ಆಕೆ ಮನೆಯಲ್ಲಿ ಕನ್ನಡ ಆಡ್ತಾಳೆ, ಅಂಗಡಿಯಲ್ಲಿ ಮರಾಠಿ ಆಡ್ತಾಳೆ. ಆಕೆಗೆ ಸಂತೆ ತಪ್ಪಿತು, ಅಷ್ಟೇ.

ಟಿಕೀಟಿನಲ್ಲೂ ಗಡಿ ಇದೆ. 2023ರ ಮಾರ್ಚ್ 17ರಿಂದ ಎಸ್ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು ಬಂತು. ಅದು ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಅದೇ ವರ್ಷ ಜೂನ್ 11ರಿಂದ ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಬಂತು. ಅದು ಕರ್ನಾಟಕದ ವಿಳಾಸ ಇದ್ದ ಹೆಣ್ಣುಮಕ್ಕಳಿಗೆ, ಕರ್ನಾಟಕದ ಒಳಗೆ. ಆದ್ದರಿಂದ ಟಿಕೀಟು ತಗೊಳ್ಳುವಾಗ ಕಂಡಕ್ಟರನ್ನು ಕೇಳಿ, ಕೊಟ್ಟ ಚೀಟಿಯ ಮೇಲೆ ಎಲ್ಲಿಂದ ಎಲ್ಲಿಗೆ, ಎಷ್ಟು ರೂಪಾಯಿ ಅನ್ನೋದನ್ನು ಓದಿ ನೋಡಿ.

ರೈಲು ಇಲ್ಲ, ಬಸ್ಸು ಇಲ್ಲ. ಜನ ಏನು ಮಾಡಿದರು? ವಡಾಪ ಹತ್ತಿದರು. ಒಂಬತ್ತು ಜನರ ಜೀಪಿನಲ್ಲಿ ಹದಿನೈದು ಜನ ಕೂತರು, ಇಬ್ಬರು ಹಿಂದೆ ಜೋತು ಬಿದ್ದರು. ಕೆಲವರು ಒಂದು ಮೋಟಾರು ಸೈಕಲ್ಲಿಗೆ ಇಬ್ಬರು ಕೂಡಿ ಪೆಟ್ರೋಲು ಹಂಚಿಕೊಂಡರು. ಕೆಲವರು ಕೆಲಸದ ಊರಲ್ಲೇ ಬೀಗರ ಮನೆಯಲ್ಲಿ ಉಳಿದರು. ಗಂಡಸರದು ಹೇಗೋ ನಡೀತು. ಹೆಣ್ಣುಮಕ್ಕಳು ಏನು ಮಾಡಬೇಕು? ಕತ್ತಲಾದ ಮೇಲೆ ಗುರುತಿಲ್ಲದ ಗಾಡಿ ಹತ್ತಬೇಡ ಅಂತ ಮನೆಯವರು ಹೇಳ್ತಾರೆ. ಕೊನೆಗೆ ಕೆಲಸ ಬಿಡುವವಳು ಆಕೆಯೇ. ಶಾಲೆ ಬಿಡುವವಳೂ ಹುಡುಗಿಯೇ. ಹುಡುಗಿಯರಿಗೆ ಎಸ್ಟಿಯಲ್ಲಿ ಶಾಲೆಯ ಪಾಸು ಪುಕ್ಕಟೆ ಇದೆ, ಆದರೆ ಬಸ್ಸೇ ಇಲ್ಲದಾಗ ಪುಕ್ಕಟೆ ಪಾಸು ಯಾಕೆ ಬೇಕು? ಒಂದೇ ಓಣಿಯ ಮೂರು-ನಾಲ್ಕು ಹೆಣ್ಣುಮಕ್ಕಳು ಕೂಡಿ, ಗುರುತಿನ ಒಬ್ಬ ಡ್ರೈವರನಿಗೆ ತಿಂಗಳ ದುಡ್ಡು ಗೊತ್ತು ಮಾಡಿದರೆ ಎಷ್ಟೋ ವಾಸಿ. ಗಾಡಿಯ ನಂಬರು ಮನೆಯಲ್ಲಿ ಬರೆದಿಟ್ಟು ಹೋಗಿ. ಈಗ ನಿಮಗೆ ಅಂಕಿ ಬರೆಯಲು ಬರ್ತದಲ್ಲ!

ಇನ್ನು ಗಾಡಿ ನಿಂತಾಗ ಬೇಕಾದ ಎರಡು-ಮೂರು ಮಾತು ಹೇಳ್ತೀನಿ. ಗಾಡಿ ಇದೆಯೋ ಇಲ್ಲವೋ ಅಂತ ಮನೆಯಿಂದಲೇ ಕೇಳಬಹುದು. ಫೋನಿನಲ್ಲಿ 139 ಒತ್ತಿ. ಅದು ರೈಲ್ವೆಯವರ ನಂಬರು. ಮುಂಗಡ ಟಿಕೀಟು ತೆಗೆಸಿದ್ದೀರಿ, ರೈಲ್ವೆಯವರೇ ಗಾಡಿ ರದ್ದು ಮಾಡಿದ್ದಾರೆ ಅಂದರೆ ಪೂರ್ತಿ ದುಡ್ಡು ನಿಮ್ಮದು. ಕಿಟಕಿಯಲ್ಲಿ ತೆಗೆಸಿದ ಟಿಕೀಟನ್ನು ಮೂರು ದಿನದೊಳಗೆ ಕಿಟಕಿಗೇ ತೋರಿಸಿ ಹಣ ಕೇಳಿ. ಟಿಕೀಟು ಹರಿದು ಒಗೆದರೆ ದುಡ್ಡೂ ಹೋಯಿತು.

ಬಹಳ ದಿನ ಗಾಡಿ ನಿಂತರೆ ಬಾಯಿಂದ ಜಗಳ ಆಡಿ ಉಪಯೋಗ ಇಲ್ಲ. ಸ್ಟೇಷನ್ ಮಾಸ್ತರರಿಗೆ ಒಂದು ಅರ್ಜಿ ಕೊಡಿ. ದೊಡ್ಡ ಮಾತು ಬೇಡ. ಹೀಗೆ ಬರೆದರೆ ಸಾಕು:

"ನಾವು ಹಾತಕಣಂಗಲೆಯಿಂದ ದಿನಾ ಕೆಲಸಕ್ಕೆ ಹೋಗುವವರು. ಬೆಳಗಿನ ಗಾಡಿ ಇಂಥ ತಾರೀಖಿನಿಂದ ಬಂದಿಲ್ಲ. ಇದರಿಂದ ನಮಗೆ ದಿನಕ್ಕೆ ಇಷ್ಟು ರೂಪಾಯಿ ಹೆಚ್ಚಿಗೆ ಖರ್ಚು ಆಗ್ತಿದೆ. ಗಾಡಿ ಯಾವಾಗ ಬರ್ತದೆ ಅಂತ ನಿಲ್ದಾಣದಲ್ಲಿ ಬರೆದು ಹಾಕಬೇಕು."

ಕೆಳಗೆ ಹೆಸರು, ಊರು, ತಾರೀಖು, ಸಹಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿ. ಅಲ್ಲಿಯ ಕಚೇರಿಗೆ ಮರಾಠಿಯಲ್ಲಿ ಬೇಕಾದರೆ ಶಾಲೆ ಓದುವ ನಿಮ್ಮ ಮಕ್ಕಳಿಂದ ಬರೆಸಿ, ಆದರೆ ಕನ್ನಡದ ಪ್ರತಿ ನೀವೇ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ 'ಮುಟ್ಟಿತು' ಅಂತ ಸಿಕ್ಕಾ ಹಾಕಿಸಿಕೊಳ್ಳಿ.

ಬರುವ ಸೋಮವಾರ ಬರುವಾಗ ಪ್ರತಿಯೊಬ್ಬರೂ ಒಂದೊಂದು ಹಳೇ ಟಿಕೀಟು ತನ್ನಿ. ರೈಲಿನದಾದರೂ ಆಗಲಿ, ಬಸ್ಸಿನದಾದರೂ ಆಗಲಿ. ಅದರ ಮೇಲಿನ ತಾರೀಖು, ದರ, ಊರಿನ ಹೆಸರು ಕೂಡಿ ಓದೋಣ.