ಅಂದಾಜಿನಿಂದ ಅಳತೆಯವರೆಗೆ



ಸಾರ್ವಜನಿಕ ಸಂಗ್ರಹಣೆಯನ್ನು ಕುರಿತ ಸಮ್ಮೇಳನವಿದು. ಸರಕಾರವು ಏನನ್ನು ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ, ಯಾವ ಬೆಲೆಗೆ ಕೊಳ್ಳುತ್ತದೆ ಎಂಬ ಪ್ರಶ್ನೆಗಳು ಲೆಕ್ಕಪತ್ರದ ಕೋಣೆಯೊಳಗೇ ಮುಗಿದುಹೋಗತಕ್ಕವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಹಳ್ಳಿಯ ಶಾಲೆಯ ಮೇಜು, ತಾಲೂಕು ಆಸ್ಪತ್ರೆಯ ಔಷಧ, ಮಳೆಗಾಲದ ಪ್ರವಾಹಕ್ಕೆ ಎದೆಯೊಡ್ಡಿ ನಿಲ್ಲಬೇಕಾದ ಸೇತುವೆ, ಅಂಗನವಾಡಿಯ ಶಿಶುವಿನ ತಟ್ಟೆಗೆ ಬೀಳುವ ಆಹಾರ, ಇವೆಲ್ಲವೂ ಯಾವುದೋ ಒಂದು ಟೆಂಡರಿನ ಮಾರ್ಗವಾಗಿಯೇ ಪ್ರಜೆಯನ್ನು ತಲಪುತ್ತವೆಂಬುದನ್ನು ನೆನೆದಾಗ, ರಾಜ್ಯಾಡಳಿತದ ಸತ್ತ್ವಪರೀಕ್ಷೆ ನಡೆಯುವ ಸ್ಥಳವಿದು ಎಂಬುದು ಮನದಟ್ಟಾಗುತ್ತದೆ.

ಈ ಚಿಂತೆ ನಮ್ಮ ದೇಶಕ್ಕೆ ಹೊಸತಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜದ್ರವ್ಯವು ಅಪಹೃತವಾಗುವ ನಲವತ್ತು ವಿಧಗಳನ್ನು ಎಣಿಸುತ್ತದೆ. ಆ ಗಣನೆಯಲ್ಲಿ ಬೆಲೆಯ ವಂಚನೆಯ ಜೊತೆಗೆ ತೂಕದ ವಂಚನೆ, ಎಣಿಕೆಯ ವಂಚನೆ, ಅಳತೆಯ ವಂಚನೆಗಳಿಗೂ ಸ್ಥಾನವಿದೆ. ಬೆಲೆಯನ್ನು ಕಾಯುವ ವಿಷಯದಲ್ಲಿ ನಾವು ಕಳೆದ ಕಾಲು ಶತಮಾನದಲ್ಲಿ ಬಹುದೂರ ಬಂದಿದ್ದೇವೆ. ಅಳತೆಯನ್ನು ಕಾಯುವ ವಿಷಯದಲ್ಲಿ ಅಷ್ಟು ದೂರ ಬಂದಿಲ್ಲ. ಇಂದು ತಮ್ಮ ಮುಂದೆ ನಾನು ನಿವೇದಿಸಬೇಕೆಂದಿರುವ ಮಾತು ಇದೇ.

ಬಂದ ದಾರಿಯನ್ನು ಮೊದಲು ಸ್ಮರಿಸೋಣ. ಮುಂಬಯಿಯ ವಿಮಾನ ನಿಲ್ದಾಣದ ಉಪಾಹಾರಗೃಹದ ಟೆಂಡರಿನಿಂದ ಹುಟ್ಟಿದ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ, ತಾನೇ ಸಾರಿದ ಅರ್ಹತೆಯ ನಿಯಮಕ್ಕೆ ಸರಕಾರೀ ಸಂಸ್ಥೆಯು ತಾನೂ ಬದ್ಧವಾಗಿರತಕ್ಕದ್ದು, ಸಾರ್ವಜನಿಕ ಗುತ್ತಿಗೆಯನ್ನು ಸ್ವೇಚ್ಛೆಯಿಂದ ಹಂಚುವ ಅಧಿಕಾರ ಅದಕ್ಕಿಲ್ಲವೆಂದು ಸಾರಿತು. ನ್ಯಾಯಾಲಯವು ತೋರಿದ ಈ ತತ್ತ್ವಕ್ಕೆ ಶಾಸನದ ರೂಪ ಕೊಡಲು ತಮಿಳುನಾಡು 1998ರಲ್ಲಿ ಮುಂದಾಯಿತು; ಅದರ ಬೆನ್ನಿಗೇ ನಮ್ಮ ರಾಜ್ಯದ ವಿಧಾನಮಂಡಲವು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ನ್ನು ಅಂಗೀಕರಿಸಿತು. ಕೇಂದ್ರದಲ್ಲಿಯಾದರೋ 2012ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಸಾರ್ವಜನಿಕ ಸಂಗ್ರಹಣಾ ಮಸೂದೆಯು ಆ ಸಭೆಯ ಅವಧಿಯೊಡನೆಯೇ ಗತಿಸಿತಾಗಿ, ಇಂದಿಗೂ ಬಹುಮಟ್ಟಿಗೆ ಹಣಕಾಸು ನಿಯಮಾವಳಿಯ ಆಧಾರದ ಮೇಲೆಯೇ ಕಾರ್ಯಭಾರ ಸಾಗಿದೆ. ಟೆಂಡರು ಪೆಟ್ಟಿಗೆಯ ಸುತ್ತ ಗುಂಪುಗೂಡಿ ಹೊರಗಿನವನು ಲಕೋಟೆ ಹಾಕದಂತೆ ತಡೆಯುತ್ತಿದ್ದ ಕಾಲವೊಂದಿತ್ತು. ಇ-ಸಂಗ್ರಹಣೆಯ ಪದ್ಧತಿ ಆ ಪೆಟ್ಟಿಗೆಯನ್ನೇ ಇಲ್ಲವಾಗಿಸಿತು. 2016ರಲ್ಲಿ ಆರಂಭವಾದ ಸರಕಾರಿ ಇ-ಮಾರುಕಟ್ಟೆಯು ಸಣ್ಣ ಊರಿನ ಮಾರಾಟಗಾರನಿಗೂ ದೂರದ ಕಚೇರಿಯ ಬೇಡಿಕೆ ಕಾಣುವಂತೆ ಮಾಡಿತು. ಇವು ಅಲ್ಪಸಾಧನೆಗಳಲ್ಲ.

ಆದರೆ, ಸನ್ಮಾನ್ಯರೆ, ಟೆಂಡರು ಕರೆಯುವ ದಿನದಿಂದ ದರ ಅಂಗೀಕಾರವಾಗುವ ದಿನದವರೆಗಿನ ಮಧ್ಯಭಾಗಕ್ಕೆ ಮಾತ್ರ ಈ ಬೆಳಕೆಲ್ಲ ಬಿದ್ದಿದೆ. ಅದಕ್ಕೆ ಮುಂಚಿನ ಅಂದಾಜುಪಟ್ಟಿಯೂ ಅದರ ಅನಂತರದ ಅಳತೆ ಪುಸ್ತಕವೂ ಇನ್ನೂ ಮಬ್ಬಿನಲ್ಲಿಯೇ ಉಳಿದಿವೆ. ಹೆಬ್ಬಾಗಿಲಿಗೆ ಬಲವಾದ ಅಗುಳಿ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟ ಮನೆಯ ಸ್ಥಿತಿ ನಮ್ಮದು.

ಮೊದಲ ಮಬ್ಬನ್ನು ನೋಡೋಣ. ಒಂದೇ ತಯಾರಕನ ಯಂತ್ರಕ್ಕೆ ಮಾತ್ರ ಹೊಂದುವಂತೆ ತಾಂತ್ರಿಕ ವಿವರಣೆಯನ್ನು ಬರೆದಮೇಲೆ ಸ್ಪರ್ಧೆಯೆಂಬುದು ಔಪಚಾರಿಕವಾಗುತ್ತದೆ. ಮಿತಿಯೊಳಗೆ ತರಲೆಂದು ಒಂದು ಕಾಮಗಾರಿಯನ್ನು ತುಂಡುತುಂಡಾಗಿ ಒಡೆಯುವುದುಂಟು. ಅದಕ್ಕೆ ವಿರುದ್ಧವಾಗಿ, ಸಣ್ಣವರು ಅರ್ಹತೆ ಪಡೆಯದಿರಲೆಂದು ಹಲವು ಕಾಮಗಾರಿಗಳನ್ನು ಒಂದೇ ಪ್ಯಾಕೇಜಾಗಿ ಕಟ್ಟುವುದೂ ಉಂಟು. ಟೆಂಡರು ಕರೆಯದೆಯೇ ಕೊಳ್ಳಲು ನಮ್ಮ ಅಧಿನಿಯಮದ 4(ಜಿ) ಕೊಡುವ ವಿನಾಯಿತಿಯು ನಿರ್ದಿಷ್ಟ ಸಂದರ್ಭಗಳಿಗಾಗಿ ಸರಕಾರಕ್ಕೆ ಕೊಟ್ಟ ವಿವೇಚನಾಧಿಕಾರ. ಅಪವಾದವಾಗಿ ಇರಬೇಕಾದುದು ಅಭ್ಯಾಸವಾದರೆ ಶಾಸನದ ಆಶಯವೇ ಕ್ಷೀಣಿಸುತ್ತದೆ. ಆದುದರಿಂದ ಅಂತಹ ಪ್ರತಿಯೊಂದು ವಿನಾಯಿತಿಯ ಕಾರಣವನ್ನೂ, ಅದರಿಂದ ದೊರೆತ ದರವನ್ನೂ ಜನರ ಮುಂದಿಡುವುದು ಅವಶ್ಯಕ.

ಮಧ್ಯಭಾಗದಲ್ಲಿಯೂ ಅಪಾಯ ರೂಪಾಂತರ ಹೊಂದಿದೆಯೇ ಹೊರತು ಅಳಿದಿಲ್ಲ. ಪೆಟ್ಟಿಗೆಯ ಸುತ್ತ ನಡೆಯುತ್ತಿದ್ದ ಒಳಒಪ್ಪಂದ ಈಗ ಗಣಕಯಂತ್ರದ ಹಿಂದೆ ನಡೆಯಬಲ್ಲದು. 2002ರ ಸ್ಪರ್ಧಾ ಅಧಿನಿಯಮವು ಇಂತಹ ಕೂಟವನ್ನು ನಿಷೇಧಿಸಿದೆ; ಪರಸ್ಪರ ಪೈಪೋಟಿಗಾರರೆಂದು ಹೇಳಿಕೊಂಡವರ ಟೆಂಡರುಗಳು ಒಂದೇ ಐ.ಪಿ. ವಿಳಾಸದಿಂದ ಬಂದುದು ಸ್ಪರ್ಧಾ ಆಯೋಗದ ಪ್ರಕರಣಗಳಲ್ಲಿ ಸಾಕ್ಷ್ಯವಾಗಿ ನಿಂತಿದೆ. ಯಂತ್ರವು ಕೂಡಿಟ್ಟ ಮಾಹಿತಿಯನ್ನು ಓದುವ ಕಣ್ಣುಗಳನ್ನು ನಮ್ಮ ಇಲಾಖೆಗಳು ಬೆಳೆಸಿಕೊಳ್ಳಬೇಕಾಗಿದೆ.

ಅತ್ಯಂತ ಕಡಿಮೆ ದರದ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಕನಿಷ್ಠ ದರದವನನ್ನು ಸೂಚಿಸುವ ಎಲ್-1 ಎಂಬ ಸಂಕೇತದಲ್ಲಿ ಅಧಿಕಾರಿಗೆ ಅಭಯವಿದೆ. ಕಡಿಮೆ ದರವನ್ನು ಒಪ್ಪಿದವನನ್ನು ಲೆಕ್ಕಪರಿಶೋಧಕರು ಪ್ರಶ್ನಿಸುವುದು ವಿರಳ, ಗುಣಕ್ಕಾಗಿ ಹೆಚ್ಚು ತೆತ್ತವನಾದರೋ ವರ್ಷಗಟ್ಟಲೆ ಉತ್ತರ ಬರೆಯಬೇಕು. ಈ ಭಯವನ್ನು ಮನಗಂಡೇ ಕೇಂದ್ರದ ಹಣಕಾಸು ಮಂತ್ರಾಲಯವು 2021ರ ಅಕ್ಟೋಬರಿನಲ್ಲಿ, ಕೆಲವು ಬಗೆಯ ಕಾಮಗಾರಿಗಳಿಗೂ ಗುಣ ಮತ್ತು ಬೆಲೆ ಎರಡನ್ನೂ ತೂಗುವ ಪದ್ಧತಿಗೆ ಅವಕಾಶ ಕಲ್ಪಿಸಿತು. ಬೆಲೆಯೂ ಗುಣವೂ ಪರಸ್ಪರ ವೈರಿಗಳಲ್ಲವೆಂಬುದಕ್ಕೆ ನಿದರ್ಶನಗಳು ಕಣ್ಣೆದುರಿಗಿವೆ. ಸಾರ್ವಜನಿಕ ಸಂಸ್ಥೆಯೊಂದು ದೇಶದ ಬೇಡಿಕೆಯನ್ನು ಒಟ್ಟುಗೂಡಿಸಿ ಕೊಂಡುದರಿಂದ, 2014ರಲ್ಲಿ 310 ರೂಪಾಯಿಯಿದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. 1994ರಲ್ಲಿ ಸ್ಥಾಪಿತವಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮವು ಔಷಧಗಳನ್ನು ಮೂಲನಾಮದಿಂದ ಒಟ್ಟಾಗಿ ಕೊಂಡು, ಬಂದ ಔಷಧವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಆಸ್ಪತ್ರೆಗೆ ಬಿಟ್ಟು, ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು ಬೇಕಾದಷ್ಟನ್ನು ಪಡೆಯುವ ಕ್ರಮವನ್ನು ನೆಲೆಗೊಳಿಸಿತು. ಪರೀಕ್ಷೆಯ ಈ ಕೊಂಡಿ ಸಡಿಲವಾದರೆ ತೆರಬೇಕಾದ ಬೆಲೆ ಎಂತಹುದೆಂಬ ಭೀತಿಯನ್ನು ನಾವು ಮನೆಯಂಗಳದಲ್ಲಿಯೇ ಅನುಭವಿಸಿದ್ದೇವೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ, ಸಂಶಯವು ಅವರಿಗೆ ಏರಿಸಿದ ದ್ರಾವಣದ ಮೇಲೆ ಬಿದ್ದು, ಆ ಸರಬರಾಜಿನ ಬಳಕೆಯನ್ನೇ ತಡೆಹಿಡಿಯಬೇಕಾಯಿತು. ಆ ತಾಯಂದಿರ ನೆನಪು ಈ ಸಭೆಯ ಪ್ರತಿಯೊಂದು ಚರ್ಚೆಯಲ್ಲಿಯೂ ನಮ್ಮೊಡನಿರಲಿ.

ಇನ್ನು ಕೊನೆಯ ಭಾಗ. ಎಷ್ಟು ಘನಮೀಟರು ಕಾಂಕ್ರೀಟು ಬಿದ್ದಿತು, ಎಷ್ಟು ದಪ್ಪಕ್ಕೆ ಡಾಂಬರು ಹಾಸಲಾಯಿತು ಎಂಬುದನ್ನು ಹೇಳುವ ಅಳತೆ ಪುಸ್ತಕವನ್ನು ರಸ್ತೆಯ ಪಕ್ಕದ ಮನೆಯವನು ನೋಡಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಹೆಚ್ಚುವರಿ ಕಾಮಗಾರಿಯ ಹೆಸರಿನಲ್ಲಿ ಟೆಂಡರಿನ ಮೂಲ ಮೊತ್ತ ಹೇಗೆ ಬೆಳೆಯಿತೆಂಬುದು ಕಡತದೊಳಗೇ ಅಡಗಿರುತ್ತದೆ. ಪಾವತಿಯ ವಿಳಂಬವೂ ಇದೇ ಮಬ್ಬಿನ ಫಲ. ಸಣ್ಣ ಉದ್ಯಮಗಳು ಪೂರೈಸಿದ ಸರಕಿಗೆ 45 ದಿನಗಳ ಒಳಗೆ ಹಣ ಸಲ್ಲತಕ್ಕದ್ದೆಂದು 2006ರ ಅಧಿನಿಯಮವು ವಿಧಿಸಿದೆ. ಬಿಲ್ಲು ಯಾವ ಮೇಜಿನ ಮೇಲೆ ನಿಂತಿದೆಯೆಂದು ತಿಳಿಯದವನಿಗೆ ಆ ವಿಧಿ ಕಾಗದದ ಮೇಲಿನ ಸಾಂತ್ವನ ಮಾತ್ರ. ಹಣ ಯಾವಾಗ ಬರುವುದೋ ಅರಿಯದ ಪ್ರಾಮಾಣಿಕನು ಮುಂದಿನ ಸಲ ದರವನ್ನು ಏರಿಸಿ ಬರೆಯುತ್ತಾನೆ, ಇಲ್ಲವೆ ಟೆಂಡರು ಹಾಕುವುದನ್ನೇ ಬಿಡುತ್ತಾನೆ; ಕಣದಲ್ಲಿ ಉಳಿಯುವವನು ಬಿಲ್ಲನ್ನು ನಡೆಸಬಲ್ಲವನು. ನಿರ್ಮಾಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡಾ 6.95 ಎಂದು ನಮ್ಮ ರಾಜ್ಯವು ಕಲ್ಪಿಸಿದ ಮೀಸಲು ಸಾಮಾಜಿಕ ನ್ಯಾಯದ ದಿಟ್ಟ ಹೆಜ್ಜೆ. ಸಾಲದ ಮೇಲೆ ಸಾಲ ತಂದು ಕೆಲಸ ಮುಗಿಸಿದ ಹೊಸ ಗುತ್ತಿಗೆದಾರನಿಗೆ ಬಿಲ್ಲು ಸಕಾಲದಲ್ಲಿ ಸಲ್ಲದಿದ್ದರೆ, ಆ ಮೀಸಲಿನ ಪ್ರಯೋಜನ ಅವನ ಕೈಸೇರುವುದೇ ಇಲ್ಲ.

ಈ ಕಾರಣಗಳಿಂದ ನಾಲ್ಕು ನಿರ್ಣಯಗಳನ್ನು ಸಮ್ಮೇಳನದ ಪರಿಶೀಲನೆಗೆ ಒಪ್ಪಿಸುತ್ತೇನೆ. ಪ್ರತಿ ಇಲಾಖೆಯೂ ವರ್ಷಾರಂಭದಲ್ಲಿ ತನ್ನ ಖರೀದಿಯ ಯೋಜನೆಯನ್ನು ಪ್ರಕಟಿಸಿ, ದೊಡ್ಡ ಟೆಂಡರುಗಳ ತಾಂತ್ರಿಕ ವಿವರಣೆಯ ಕರಡನ್ನು ಆಕ್ಷೇಪಣೆಗೆ ತೆರೆದಿಡಲಿ. ಟೆಂಡರು ಪ್ರಕಟವಾಗುವ ಜಾಲತಾಣದಲ್ಲಿಯೇ ಒಪ್ಪಂದಪತ್ರ, ಅದರ ತಿದ್ದುಪಡಿಗಳು, ಅಳತೆ ಪುಸ್ತಕದ ಪುಟಗಳು, ಗುಣಪರೀಕ್ಷೆಯ ವರದಿ, ಪಾವತಿಯ ದಿನಾಂಕ ಇವೆಲ್ಲ ಕಾಣುವಂತಾಗಲಿ. ಕೊಳ್ಳುವ ಕಾರ್ಯವನ್ನು ಒಂದು ವಿದ್ಯೆಯೆಂದು ಮನ್ನಿಸಿ, ಅದಕ್ಕೆ ತರಬೇತಿ ಪಡೆದ ಸಿಬ್ಬಂದಿ ವರ್ಗವೊಂದು ರಚಿತವಾಗಲಿ. ಸಕಾರಣವಾಗಿ, ಸದುದ್ದೇಶದಿಂದ ಗುಣವನ್ನು ಆರಿಸಿ ಆ ಕಾರಣವನ್ನು ಕಡತದಲ್ಲಿ ಬರೆದಿಟ್ಟ ಅಧಿಕಾರಿಗೆ ಸರಕಾರವು ಬೆಂಬಲವಾಗಿ ನಿಲ್ಲಲಿ.

ಇವುಗಳಲ್ಲಿ ಬಹುಪಾಲಿಗೆ ಹೊಸ ಶಾಸನವೂ ಬೇಕಿಲ್ಲ. ಇರುವ ಯಂತ್ರವನ್ನು ಇನ್ನೆರಡು ಹೆಜ್ಜೆ ಹಿಂದಕ್ಕೂ ಮುಂದಕ್ಕೂ ವಿಸ್ತರಿಸುವ ಸಂಕಲ್ಪ ಬೇಕು. ಕಾಲು ಶತಮಾನದ ಹಿಂದೆ ದರವನ್ನು ಬೆಳಕಿಗೆ ತಂದ ರಾಜ್ಯಕ್ಕೆ ಅಳತೆಯನ್ನೂ ಬೆಳಕಿಗೆ ತರುವ ಶಕ್ತಿಯಿದೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಕಾರ್ಯ ಈ ಸಮ್ಮೇಳನದ ನಿರ್ಣಯಗಳಿಂದಲೇ ಮೊದಲಾಗಲಿ.