ಗೇಟಿನ ಒಳಗೆ, ಗೇಟಿನ ಹೊರಗೆ



ವೆಸ್ಟ್ ಇಂಡೀಸ್ ಎಂದ ಕೂಡಲೇ ನಮಗೆಲ್ಲ ಕ್ರಿಕೆಟ್ ನೆನಪಾಗುತ್ತದೆ, ಅಲ್ಲವೇ? ಇಂದು ಅಲ್ಲಿನ ಒಂದು ಮನೆಯ ವಿಷಯ ಮಾತಾಡೋಣ. ಟ್ರಿನಿಡಾಡ್ ದ್ವೀಪದ ಚಗ್ವಾನಾಸ್ ಊರಿನಲ್ಲಿ 1932ರಲ್ಲಿ ಹುಟ್ಟಿದ ಲೇಖಕ ವಿ.ಎಸ್. ನೈಪಾಲರ ಅಜ್ಜಿಮನೆ ಅದು.

1845ರಿಂದ 1917ರವರೆಗೆ ಲಕ್ಷಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಟ್ರಿನಿಡಾಡಿನ ಕಬ್ಬಿನ ತೋಟಗಳಿಗೆ ಹಡಗು ಹತ್ತಿದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ನೈಪಾಲರ ಹಿರಿಯರೂ ಹಾಗೆ ಹೋದವರೇ.

2001ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದಲ್ಲಿ ನೈಪಾಲರು ಆ ಬಾಲ್ಯವನ್ನು ನೆನೆದರು. ಮನೆಯ ಮುಂದೆ ಎತ್ತರದ ತಗಡಿನ ಗೇಟು. ಒಳಗೆ, ಜಮಖಾನೆಯಂತೆ ಸುತ್ತಿ ತಂದು ಹಾಸಿದ ಒಂದು ಪುಟ್ಟ ಭಾರತ. ಹೊರಗೆ ಬೇರೆ ಜನ, ಬೇರೆ ಬದುಕು. ಮನೆಯವರು ಹೊರಗಿನವರ ವಿಚಾರ ಕೇಳಲಿಲ್ಲ. ಸೋಜಿಗವೆಂದರೆ, ಬಿಟ್ಟು ಬಂದ ಊರಿನ ವಿಚಾರವನ್ನೂ ಕೇಳಲಿಲ್ಲ! ಕೇಳಬೇಕು ಅನ್ನಿಸುವ ಹೊತ್ತಿಗೆ ಕಾಲ ಮಿಂಚಿತ್ತು. ತಂದೆಯ ಕಡೆಯ ಕೆಲವರು ನೇಪಾಳದಿಂದ ಬಂದವರು ಎನ್ನುವುದಷ್ಟೇ ಅವರ ಪಾಲಿಗೆ ಉಳಿಯಿತು.

ಇನ್ನು ಹುಟ್ಟಿದ ಊರಿನ ಹೆಸರು? ಅದು ಅಲ್ಲಿನ ಮೂಲನಿವಾಸಿಗಳಾದ ಚಗ್ವಾನೆಸ್ ಜನರದು. ಅವರನ್ನು ಶಿಕ್ಷಿಸುವಂತೆ ಸ್ಪೇನಿನ ದೊರೆ 1625ರಲ್ಲಿ ಬರೆಸಿದ ಪತ್ರವನ್ನು ನೈಪಾಲರು ಓದಿದ್ದು ಲಂಡನ್ನಿನಲ್ಲಿ, ಮೂವತ್ತು ದಾಟಿದ ಮೇಲೆ. ಸಾವಿರಕ್ಕೂ ಹೆಚ್ಚಿದ್ದ ಆ ಜನ ಸುಳಿವಿಲ್ಲದೆ ಹೋದರು. ಅವರ ನೆಲದಲ್ಲೇ ಆಡಿ ಬೆಳೆದ ಹುಡುಗನಿಗೆ ಆ ಸಂಗತಿಯನ್ನು ಯಾರೂ ಹೇಳಿರಲಿಲ್ಲ.

ನಮ್ಮ ರೇಡಿಯೋಗೂ ಈ ಕಥೆಯಲ್ಲಿ ಪಾಲಿದೆ. 1943ರಿಂದ 1958ರವರೆಗೆ ಬಿ.ಬಿ.ಸಿ. 'ಕ್ಯಾರಿಬಿಯನ್ ವಾಯ್ಸಸ್' ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ದ್ವೀಪಗಳ ಲೇಖಕರ ಕಥೆ, ಕವಿತೆಗಳು ಲಂಡನ್ನಿನಿಂದ ಮರಳಿ ದ್ವೀಪಗಳನ್ನೇ ತಲುಪುತ್ತಿದ್ದವು. ಐವತ್ತರ ದಶಕದಲ್ಲಿ ಅದರ ಸಂಪಾದಕರಾಗಿದ್ದವರು ಇದೇ ನೈಪಾಲ್. ಅಲ್ಲಿಯ ಒಂದು ಕೋಣೆಯಲ್ಲಿ ಕೂತು, ಬಾಲ್ಯದ ಬೀದಿಯನ್ನು ನೆನೆದು ಅವರು ಬರೆದ ಕಥೆಗಳೇ 'ಮಿಗೆಲ್ ಸ್ಟ್ರೀಟ್' ಪುಸ್ತಕವಾದವು.

ಕೇಳುಗರೇ, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವೂ ಹೌದು. ನಮ್ಮದು ರೈಲಿನ ದೂರ, ಅಷ್ಟೇ. ನಮ್ಮ ಮನೆಗೂ ಒಂದು ಗೇಟಿದೆ. ಒಳಗೆ ಕನ್ನಡ, ಹೊರಗೆ ಮರಾಠಿಯೋ, ತಮಿಳೋ, ಹಿಂದಿಯೋ. ಅಜ್ಜಿ ಇನ್ನೂ ಎದುರಿಗೇ ಕೂತಿದ್ದರೆ ಇಂದೇ ಕೇಳಿ: "ಅಜ್ಜೀ, ನಾವು ಯಾವ ಊರಿನವರು? ಅಲ್ಲಿಂದ ಯಾಕೆ ಹೊರಟೆವು?" ಪಕ್ಕದ ಮನೆಯವರನ್ನೂ ಕೇಳಿ, ನೀವಿರುವ ಬಡಾವಣೆಗೆ ಆ ಹೆಸರು ಹೇಗೆ ಬಂತೆಂದು. ಎರಡೂ ಉತ್ತರ ನಿಮ್ಮ ಮಕ್ಕಳಿಗೆ ಬೇಕಾಗುತ್ತವೆ.

ಸಿಕ್ಕ ಉತ್ತರವನ್ನು ನಮಗೂ ಬರೆದು ಕಳಿಸುತ್ತೀರಲ್ಲ?