ನೋಯುವ ಸೊಂಟಕ್ಕೆ ನಡಿಗೆಯೇ ಆಸರೆ



ಬೈಲಹೊಂಗಲದ ಎರೆಭೂಮಿಯಲ್ಲಿ ಹತ್ತಿ ಬಿಡಿಸುವವರು, ಕಿತ್ತೂರು ಭಾಗದ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವವರು, ಸವದತ್ತಿಯ ಹೊಲಗಳಲ್ಲಿ ಜೋಳ ಕೊಯ್ಯುವವರು, ರಾಮದುರ್ಗದಲ್ಲಿ ಮಗ್ಗದ ಮುಂದೆ ಕುಳಿತು ನೇಯುವವರು, ಇವರೆಲ್ಲರ ದುಡಿಮೆಗೂ ಆಧಾರ ಸೊಂಟ ಮತ್ತು ಕಾಲುಗಳು. ಆ ಆಧಾರವೇ ನೋಯತೊಡಗಿದರೆ ಸಂಸಾರದ ಬಂಡಿ ಕುಂಟತೊಡಗುತ್ತದೆ. ಆರೋಗ್ಯ ಕೇಂದ್ರಕ್ಕೆ ಬರುವ ಗಂಡಸರೂ ಹೆಂಗಸರೂ ಹೇಳುವ ದೂರುಗಳಲ್ಲಿ ಸೊಂಟ ನೋವು, ಮೊಣಕಾಲು ನೋವು ಸದಾ ಮುಂದೆ ಇರುತ್ತವೆ. ಪುಣೆ ಜಿಲ್ಲೆಯ ಭಿಗವಣ ಎಂಬ ಹಳ್ಳಿಯಲ್ಲಿ 1996ರಲ್ಲಿ ವೈದ್ಯರು ಮನೆ ಮನೆಗೆ ಹೋಗಿ 4,092 ವಯಸ್ಕರನ್ನು ವಿಚಾರಿಸಿದಾಗ, ನೂರಕ್ಕೆ ಸುಮಾರು 18 ಮಂದಿಗೆ ಕೀಲು, ಸೊಂಟ, ಸ್ನಾಯುಗಳ ನೋವು ಇದ್ದುದು ಕಂಡುಬಂದಿತು. ನಮ್ಮ ಹಳ್ಳಿಗಳ ಜೀವನವೂ ಅದಕ್ಕಿಂತ ಬೇರೆಯಲ್ಲ.

ನೋವು ಶತ್ರುವಲ್ಲ, ಅದು ದೇಹದ ಕಾವಲುಗಾರ. ಸ್ನಾಯು ಉಳುಕಿದಾಗ ನೋವು ನಮ್ಮನ್ನು ಎಚ್ಚರಿಸುತ್ತದೆ. ಸಾಮಾನ್ಯವಾಗಿ ಇಂತಹ ಪೆಟ್ಟು ಕೆಲವು ವಾರಗಳಲ್ಲಿ ಮಾಯುತ್ತದೆ. ಆದರೆ ಕೆಲವರಲ್ಲಿ ಮೂರು ತಿಂಗಳು ಕಳೆದರೂ ನೋವು ನಿಲ್ಲುವುದಿಲ್ಲ. ಇದನ್ನು ನಾವು ದೀರ್ಘಕಾಲದ ನೋವು ಎನ್ನುತ್ತೇವೆ. ಕಳ್ಳನು ಓಡಿಹೋದ ಮೇಲೂ ಬೊಗಳುತ್ತಲೇ ಇರುವ ನಾಯಿಯಂತೆ, ಪೆಟ್ಟು ಮಾಯ್ದ ಮೇಲೂ ನರಗಳು ಎಚ್ಚರಿಕೆ ಕೊಡುತ್ತಲೇ ಇರುತ್ತವೆ. ಈ ನೋವು ಸುಳ್ಳಲ್ಲ. ಅನುಭವಿಸುವವರಿಗೆ ಅದು ನಿಜವಾದ ನೋವೇ. ಆದರೆ ನೋವಿದೆ ಎಂದ ಮಾತ್ರಕ್ಕೆ ಎಲುಬು ಸವೆದು ಮುರಿಯುತ್ತಿದೆ ಎಂದು ಹೆದರಬೇಕಾಗಿಲ್ಲ.

ಈ ಹೆದರಿಕೆಯಿಂದಲೇ ಮೂರು ತಪ್ಪು ತಿಳಿವಳಿಕೆಗಳು ಬೆಳೆದಿವೆ.

ಮೊದಲನೆಯದು, ಸೊಂಟ ನೋವು ಬಂದರೆ ಹಾಸಿಗೆ ಬಿಟ್ಟು ಏಳಬಾರದೆಂಬುದು. ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ, ಆಗತಾನೆ ಸೊಂಟ ನೋವು ಹಿಡಿದ 186 ನೌಕರರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಎರಡು ದಿನ ಮಲಗಿರಲು, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ ಮಾಡಲು, ಮತ್ತೊಂದಕ್ಕೆ ನೋವು ತಡೆಯುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ ಮಾಡಿಕೊಂಡಿರಲು ಹೇಳಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಮಲಗಿದವರು ಎಲ್ಲರಿಗಿಂತ ನಿಧಾನವಾಗಿ. ಬಳಸದೆ ಇಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವಂತೆ ಬಳಸದ ಸ್ನಾಯುವೂ ಸೊರಗುತ್ತದೆ.

ಎರಡನೆಯದು, ಸೊಂಟದ ಪಟ್ಟಿ ಮತ್ತು ನೋವಿನ ಗುಳಿಗೆಗಳ ಮೇಲಿನ ಅತಿಯಾದ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆಗೂ ವ್ಯಾಯಾಮಕ್ಕೂ ಸ್ಥಾನ ಕೊಟ್ಟಿದೆ. ಸೊಂಟದ ಪಟ್ಟಿಯನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಹೇಳಿದೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು.

ಮೂರನೆಯದು ತಾಯಂದಿರಿಗೆ ಸಂಬಂಧಿಸಿದ್ದು. ಹೆರಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಜೀವಮಾನವಿಡೀ ಸೊಂಟ ನೋವು ಬರುತ್ತದೆಂದು ಅನೇಕರು ನಂಬಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ವರ್ಷಗಟ್ಟಲೆ ಕಾಡುವ ನೋವಿಗೆ ಅದು ಕಾರಣವೆಂದು ಸಂಶೋಧನೆಗಳು ತೋರಿಸಿಲ್ಲ. ಬಸಿರಿನಲ್ಲಿ ಹಿಗ್ಗಿದ ಹೊಟ್ಟೆಯ ಸ್ನಾಯುಗಳು ಸಡಿಲವಾಗಿಯೇ ಉಳಿಯುವುದು, ಬಗ್ಗಿ ಕುಳಿತು ಹಾಲೂಡಿಸುವುದು, ನಿದ್ರೆಗೇಡು, ಬಾಣಂತನ ಮುಗಿಯುತ್ತಲೇ ಕೊಡ ಮತ್ತು ಮೇವಿನ ಹೊರೆ ಹೊರುವುದು, ಇವು ನೋವಿಗೆ ಎಡೆಮಾಡುತ್ತವೆ. ಸೂಜಿಯ ಭಯದಿಂದ, ತಾಯಿ ಮಗುವಿನ ಜೀವ ಉಳಿಸುವ ಶಸ್ತ್ರಚಿಕಿತ್ಸೆಯನ್ನು ಯಾರೂ ನಿರಾಕರಿಸಬಾರದು.

"ಹೊಲದಲ್ಲಿ ದಿನವಿಡೀ ದುಡಿಯುವ ನಮಗೆ ಮತ್ತೆ ವ್ಯಾಯಾಮವೇಕೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಗಂಟೆಗಟ್ಟಲೆ ಬಗ್ಗಿ ಕಸ ತೆಗೆಯುವಾಗ ಕೆಲವೇ ಸ್ನಾಯುಗಳು ಒಂದೇ ಭಂಗಿಯಲ್ಲಿ ದಣಿಯುತ್ತವೆ. ಉಳಿದವು ದುರ್ಬಲವಾಗಿಯೇ ಉಳಿಯುತ್ತವೆ. ವ್ಯಾಯಾಮವಾದರೋ ಎಲ್ಲ ಸ್ನಾಯುಗಳನ್ನೂ ಅಳತೆಯಿಂದ, ಹಂತ ಹಂತವಾಗಿ ಬಲಪಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಗುಣ ಹೊಂದಿದ 701 ಮಂದಿಯನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅರ್ಧದಷ್ಟು ಜನರಿಗೆ ಫಿಜಿಯೋಥೆರಪಿ ತಜ್ಞರು ಕ್ರಮವಾದ ನಡಿಗೆಯನ್ನೂ ತಿಳಿವಳಿಕೆಯನ್ನೂ ಕೊಟ್ಟರು. 2024ರ ವರದಿಯ ಪ್ರಕಾರ, ಏನೂ ಕೊಡದ ಗುಂಪಿನಲ್ಲಿ ಸುಮಾರು 112 ದಿನಗಳಲ್ಲಿ ನೋವು ಮರುಕಳಿಸಿದರೆ, ನಡೆದವರಲ್ಲಿ ಅದು ಸುಮಾರು 208 ದಿನ ದೂರವಿತ್ತು. ಇದಕ್ಕೆ ಯಂತ್ರ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಸಮತಟ್ಟಾದ ದಾರಿಯಲ್ಲಿ, ಹೊರೆಯಿಲ್ಲದೆ, ಕೈಬೀಸಿಕೊಂಡು ಹತ್ತು ನಿಮಿಷ ನಡೆಯಿರಿ. ವಾರವಾರಕ್ಕೂ ಕೆಲವು ನಿಮಿಷ ಹೆಚ್ಚಿಸುತ್ತಾ, ಕೆಲವು ತಿಂಗಳಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆಯಂತೆ ನಡೆಯುವ ಮಟ್ಟಕ್ಕೆ ಬನ್ನಿರಿ. ಅದರೊಡನೆ ಈ ಮೂರು ವ್ಯಾಯಾಮಗಳನ್ನು ಹತ್ತು ಹತ್ತು ಸಲ ಮಾಡಿರಿ.

ಒಂದು: ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದಗಳನ್ನು ನೆಲಕ್ಕೂರಿ, ಸೊಂಟವನ್ನು ಮೆಲ್ಲನೆ ಮೇಲೆತ್ತಿ, ಐದು ಎಣಿಸಿ ಇಳಿಸುವುದು.

ಎರಡು: ಕುರ್ಚಿ ಅಥವಾ ಕಟ್ಟೆಯ ಮೇಲೆ ಕುಳಿತು, ಕೈಯೂರದೆ ಎದ್ದು ನಿಂತು ಮತ್ತೆ ಕೂಡುವುದು.

ಮೂರು: ಗೋಡೆ ಹಿಡಿದು ನಿಂತು ಹಿಮ್ಮಡಿಗಳನ್ನೆತ್ತಿ ಇಳಿಸುವುದು.

ಮಾಡುವಾಗ ತುಸು ನೋವಾದರೆ ಹೆದರಬೇಡಿರಿ. ಮರುದಿನವೂ ನೋವು ಏರಿಯೇ ಇದ್ದರೆ ಅಳತೆಯನ್ನು ಕಡಿಮೆ ಮಾಡಿರಿ, ಪೂರ್ತಿ ಬಿಡಬೇಡಿರಿ. ಬಸಿರಿಯರೂ ಬಾಣಂತಿಯರೂ ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು. ಹೊಲದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ತುಸು ಹಿಂದಕ್ಕೆ ಬಾಗಿರಿ. ದೊಡ್ಡ ಹೊರೆಯೊಂದರ ಬದಲು ಸಣ್ಣವು ಎರಡನ್ನು ಹೊತ್ತರೆ ಸೊಂಟಕ್ಕೆ ಹಿತ.

ಇಲ್ಲಿ ದಂಪತಿಗಳಿಗೆ ಒಂದು ಮಾತು. ದೀರ್ಘಕಾಲದ ನೋವು ಹೊರಗೆ ಕಾಣುವುದಿಲ್ಲ. ಹೀಗಾಗಿ ನೋವೆಂದು ಹೇಳಿಕೊಂಡ ಹೆಂಡತಿ ಕೆಲಸಕ್ಕೆ ನೆವ ಹೇಳುತ್ತಾಳೆಂದು ಮನೆಯವರು ಬಗೆಯುವುದುಂಟು. ಗಂಡನಾದವನು ನೋವನ್ನು ಹೇಳಿಕೊಳ್ಳಲು ನಾಚಿ, ಸಾರಾಯಿಯಿಂದ ಮರೆಯಲು ನೋಡುವುದೂ ಉಂಟು. ಚಿಂತೆ, ಅಂಜಿಕೆ, ನಿದ್ರೆಗೇಡುಗಳು ನೋವನ್ನು ಹೆಚ್ಚಿಸುತ್ತವೆಂಬುದು ಸಂಶೋಧನೆಯಿಂದ ತಿಳಿದ ವಿಷಯ. ಆದುದರಿಂದ ನಂಬಿ ಕೇಳುವುದೂ ಚಿಕಿತ್ಸೆಯ ಒಂದು ಭಾಗವೇ. ಪತಿಯು ನೀರಿನ ಕೊಡವನ್ನೋ ಮೇವಿನ ಹೊರೆಯನ್ನೋ ತಾನು ಹೊತ್ತರೆ ಅವನ ಗೌರವಕ್ಕೆ ಕುಂದಿಲ್ಲ. ಸಂಜೆ ಇಬ್ಬರೂ ಕೂಡಿ ನಡೆದರೆ ವ್ಯಾಯಾಮವೂ ಆಯಿತು, ಮನೆಯ ಮಾತೂ ಆಯಿತು.

ನಿಮ್ಮ ಮನೆಯ ಹಿರಿಯರನ್ನೂ ಮರೆಯಬೇಡಿರಿ. ಅವರಿಗೆ ನೋವಿಗಿಂತ ದೊಡ್ಡ ಅಪಾಯವೆಂದರೆ ಬೀಳುವುದು. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಮುಪ್ಪಿನಲ್ಲಿ ಬೀಳುವುದು ಹಣೆಬರಹವಲ್ಲ. ನ್ಯೂಜಿಲೆಂಡಿನಲ್ಲಿ 80 ವರ್ಷ ದಾಟಿದ 233 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಫಿಜಿಯೋಥೆರಪಿ ತಜ್ಞರು ಮನೆಗೇ ಹೋಗಿ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿದರು. 1997ರ ವರದಿಯಂತೆ ಒಂದು ವರ್ಷದಲ್ಲಿ ವ್ಯಾಯಾಮ ಮಾಡಿದವರು 88 ಸಲ ಬಿದ್ದರೆ, ಮಾಡದವರು 152 ಸಲ ಬಿದ್ದರು. 2019ರಲ್ಲಿ 108 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ 23ರಷ್ಟು ಕಡಿಮೆಯಾಗುವುದು ಸಿದ್ಧವಾಯಿತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿರಿಯರು ಕುರ್ಚಿಯಿಂದ ಎದ್ದು, ಹತ್ತು ಅಡಿ ನಡೆದು, ತಿರುಗಿ ಬಂದು ಕೂಡಲಿ; ನೀವು ಪಕ್ಕದಲ್ಲೇ ಇರಿ. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಸಂಭವವಿದೆಯೆಂದು ತಿಳಿದು ವೈದ್ಯರಿಗೆ ತೋರಿಸಿರಿ. ಗೋಡೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವ ಅಭ್ಯಾಸ ಮಾಡಿಸಿರಿ. ಬಚ್ಚಲಿನ ಪಾಚಿ ಉಜ್ಜಿ ತೆಗೆದು ಹಿಡಿಕೆ ಹಾಕಿಸಿರಿ. ರಾತ್ರಿ ಸಣ್ಣ ದೀಪವಿರಲಿ. ಕಣ್ಣಿನ ಪೊರೆಗೆ ಚಿಕಿತ್ಸೆ ಮಾಡಿಸಿರಿ. ಎಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೋಗಬಯಸುವವರು ಒಂದೆರಡು ತಿಂಗಳು ಮೊದಲಿನಿಂದಲೇ ನಡಿಗೆಯನ್ನು ಹೆಚ್ಚಿಸುತ್ತಾ ಬರುವುದು ಒಳ್ಳೆಯದು.

ಕೆಲವು ಲಕ್ಷಣಗಳು ಕಂಡರೆ ಮಾತ್ರ ವ್ಯಾಯಾಮವನ್ನು ನೆಚ್ಚಿ ಕೂಡಬಾರದು. ಮಲಮೂತ್ರದ ಹತೋಟಿ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕುಗ್ಗುವುದು, ಇವು ತುರ್ತಿನ ಲಕ್ಷಣಗಳು. ಆ ದಿನವೇ ಆಸ್ಪತ್ರೆಗೆ ಬನ್ನಿರಿ. ನೋವಿನೊಡನೆ ಜ್ವರ ಬರುವುದು, ಮೈತೂಕ ಇಳಿಯುವುದು, ಬಿದ್ದ ನಂತರ ತೀವ್ರ ನೋವು ಕಾಣಿಸುವುದು, ಇವಿದ್ದರೂ ತಡಮಾಡದಿರಿ. ಬೆನ್ನೆಲುಬಿನ ಕ್ಷಯವೂ ಹೀಗೆ ಕಾಣಿಸಿಕೊಳ್ಳಬಹುದು. ಚಿಕಿತ್ಸೆಯಿಂದ ಅದು ಗುಣವಾಗುತ್ತದೆ.

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಬನ್ನಿರಿ. ಅಗತ್ಯವಿದ್ದರೆ ವೈದ್ಯರೇ ಫಿಜಿಯೋಥೆರಪಿಗೆ ಕಳುಹಿಸುತ್ತಾರೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ, ಧಾರವಾಡದಲ್ಲಿ ಎಸ್.ಡಿ.ಎಂ. ಸಂಸ್ಥೆಯ ಫಿಜಿಯೋಥೆರಪಿ ಕಾಲೇಜುಗಳಿವೆ. ಅಲ್ಲಿ ಕಲಿತ ವ್ಯಾಯಾಮವನ್ನು ಮನೆಯಲ್ಲಿ ಬಿಡದೆ ಮಾಡಿದರೆ ಮಾತ್ರ ಫಲ. ಒಂದು ವಾರದಲ್ಲಿ ಗುಣ ಕಾಣದೆಂದು ಕೈಬಿಡಬೇಡಿರಿ. ಬಿತ್ತಿದ ಮರುದಿನವೇ ಯಾರೂ ತೆನೆ ಕೊಯ್ಯುವುದಿಲ್ಲ. ನಾಳೆ ಬೆಳಿಗ್ಗೆ ಹತ್ತು ನಿಮಿಷದಿಂದ ಪ್ರಾರಂಭಿಸಿರಿ, ಇಬ್ಬರೂ ಕೂಡಿ ಪ್ರಾರಂಭಿಸಿರಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.